ಕ್ವಿಜ್ ಷೋಗೆ ಹೋಗ್ತೀರಾ? ಮೊದಲು ಹಳೇ ಕ್ಯಾಲ್ಕುಲೇಟರ್ ಒಂದು ಹುಡುಕಿ

ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ನಾಲ್ಕು ಊರನ್ನು ನಾನು ಸಾಲಾಗಿ ಹೇಳುತ್ತೇನೆ. ಟಿವಿ ಸ್ಟುಡಿಯೋದಲ್ಲಿ ಹತ್ತು ಜನರ ನಡುವೆ ಕೂತಾಗಲೂ ಸಾಲಾಗಿಯೇ ಬಟನ್ ಒತ್ತಿದೆ. ಬೇಗನೂ ಒತ್ತಿದೆ. ಆದರೆ ಅವರು ಕೇಳಿದ್ದು ದಕ್ಷಿಣದಿಂದ ಉತ್ತರಕ್ಕೆ. ನಾನು ಒತ್ತಿದ್ದು ಉತ್ತರದಿಂದ ದಕ್ಷಿಣಕ್ಕೆ. ಪಕ್ಕದಲ್ಲಿ ಕೂತಿದ್ದ ಹುಡುಗ ನನಗಿಂತ ನಿಧಾನವಾಗಿ ಸರಿ ಉತ್ತರ ಕೊಟ್ಟು, ಮುಖ್ಯ ಆಟ ಆಡುವ ಹಾಟ್ ಸೀಟಿಗೆ ಹೋದ. ನಾನು ಚಪ್ಪಾಳೆ ತಟ್ಟಿದೆ.

ಅರಸೀಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು ನಾನು. ಈಗ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಅಂತ ಬರೆದಿದ್ದಾರೆ, ಊರಿನವರಿಗೆ ಮಾತ್ರ ಇವತ್ತಿಗೂ ಲೈಬ್ರರಿಯೇ. ಆ ಷೋ ಪ್ರಸಾರವಾದ ಮೇಲೆ ಸುತ್ತಮುತ್ತಲ ಹುಡುಗ ಹುಡುಗಿಯರು ಬಂದು ‘ಅಕ್ಕ, ಹೇಗೆ ತಯಾರಾಗೋದು?’ ಅಂತ ಕೇಳುತ್ತಾರೆ. ‘ಗೆದ್ದವರನ್ನು ಕೇಳ್ರಪ್ಪ’ ಅಂದರೆ ಬಿಡಲ್ಲ. ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದಿದ್ದು ಸಾಲದೆ ಸೋತವರು ಅಲ್ಲಿ ನನಗೆ ಜಾಸ್ತಿ ಕಾಣಲಿಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ಬೆರಳಿಗೆ, ಬಾಯಿಗೆ ಬರದೆ ಸೋತವರೇ ಜಾಸ್ತಿ. ಹಾಗಾಗಿ ಓದುವುದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಕೈ ಬಾಯಿ ಪಳಗಿಸುವುದರ ಬಗ್ಗೆ ಜಾಸ್ತಿ.

ಯಾವ ಷೋ ಅಂತ ಮೊದಲು ತೀರ್ಮಾನಿಸಿ

ಕ್ವಿಜ್ ಅಂದರೆ ಎಲ್ಲವೂ ಒಂದೇ ಅಲ್ಲ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ನಿಮಗೆ ಗೊತ್ತೇ ಇದೆ. 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ ಕಾರ್ಯಕ್ರಮ, ಸಾವಿರಾರು ಕಂತು ದಾಟಿದೆ. ಅಲ್ಲಿ ಸರಿ ಉತ್ತರಕ್ಕೆ ಸಿಗುವುದು ಕನ್ನಡ ಪುಸ್ತಕ. ದುಡ್ಡಿನ ಆಸೆಗೆ ಯಾರೂ ಅಲ್ಲಿಗೆ ಹೋಗಲ್ಲ, ಹಾಗಾಗಿ ಎದೆ ಅಷ್ಟೊಂದು ಡವಡವ ಅನ್ನಲ್ಲ. ಮೊದಲ ಸಲ ಕ್ಯಾಮೆರಾ ಎದುರಿಸುವವರಿಗೆ ನಾನು ಇಂಥದ್ದನ್ನೇ ಹೇಳುವುದು.

ಇನ್ನೊಂದು ಹಾಟ್ ಸೀಟ್ ಮಾದರಿ. ಬ್ರಿಟನ್ನಿನಲ್ಲಿ 1998ರಲ್ಲಿ ಶುರುವಾಗಿ, 2000ದಲ್ಲಿ ಅಮಿತಾಭ್ ಬಚ್ಚನ್ ಜೊತೆ ಹಿಂದಿಗೆ ಬಂದು, 2012ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ‘ಕನ್ನಡದ ಕೋಟ್ಯಧಿಪತಿ’ ಆಗಿ ನಮ್ಮ ಮನೆಗಳಿಗೆ ಬಂತು. ನಮ್ಮತ್ತೆಗೆ ಅಪ್ಪು ನಗುತ್ತಾ ‘ಲಾಕ್ ಮಾಡ್ಲಾ?’ ಅಂದರೆ ಸಾಕು, ಪ್ರಶ್ನೆ ಏನು ಅಂತಲೂ ನೆನಪಿರುತ್ತಿರಲಿಲ್ಲ. ಇಲ್ಲಿ ಒಬ್ಬರೇ ಆಡುವುದು, ಯೋಚಿಸಲು ಒಂದಿಷ್ಟು ಸಮಯ ಇರುತ್ತದೆ, ಆದರೆ ಒಂದು ತಪ್ಪಿಗೆ ಆಟ ಮುಗಿಯುತ್ತದೆ.

ಮೂರನೆಯದು ಬಜರ್ ಒತ್ತುವ ಆಟ. ಅಮೆರಿಕದ ‘ಜೆಪರ್ಡಿ’ಯಲ್ಲಿ ಒಂದು ವಿಚಿತ್ರ ನಿಯಮ ಇದೆ. ಪ್ರಶ್ನೆ ಓದಿ ಮುಗಿಯುವ ಮೊದಲೇ ಬಜರ್ ಒತ್ತಿದರೆ ಕಾಲು ಸೆಕೆಂಡು ನಿಮ್ಮ ಬಜರ್ ಸತ್ತುಹೋಗುತ್ತದೆ. ಅಷ್ಟರಲ್ಲಿ ಪಕ್ಕದವರು ಒತ್ತಿರುತ್ತಾರೆ. 2004ರಲ್ಲಿ ಸತತ 74 ಆಟ ಗೆದ್ದ ಕೆನ್ ಜೆನ್ನಿಂಗ್ಸ್‌ಗೆ ಉತ್ತರದ ಜೊತೆ ಈ ತಾಳವೂ ಗೊತ್ತಿತ್ತು. ನಮ್ಮಲ್ಲಿ ಶಾಲಾ ಕಾಲೇಜು ಕ್ವಿಜ್‌ಗಳಲ್ಲಿ ಬಜರ್ ಸುತ್ತು ಇರುತ್ತದಲ್ಲ, ಅಲ್ಲಿಯೂ ಮೊದಲು ನಿಯಮ ಕೇಳಿ: ಅರ್ಧಕ್ಕೆ ಒತ್ತಿದರೆ ಪ್ರಶ್ನೆ ಪೂರ್ತಿ ಓದುತ್ತಾರಾ, ಇಲ್ಲವಾ? ತಪ್ಪಾದರೆ ಅಂಕ ಕಳೆಯುತ್ತಾರಾ? ಇದನ್ನು ಕೇಳಲು ನಾಚಿಕೆ ಬೇಡ.

ಏನು ಓದಬೇಕು

ಐದರಿಂದ ಹತ್ತನೇ ತರಗತಿವರೆಗಿನ ಸಮಾಜ ಮತ್ತು ವಿಜ್ಞಾನ ಪಠ್ಯಪುಸ್ತಕ. ಗೋಡೆಗೊಂದು ಕರ್ನಾಟಕದ ಮ್ಯಾಪ್, ಒಂದು ಭಾರತದ್ದು. ಮ್ಯಾಪ್ ಹೊಸದಿರಲಿ. ನಮ್ಮ ಲೈಬ್ರರಿಯ ಹಳೇ ಮ್ಯಾಪಿನಲ್ಲಿ 30 ಜಿಲ್ಲೆ ಇತ್ತು, 2021ರಲ್ಲಿ ಬಂದ ವಿಜಯನಗರವನ್ನು ನಾನೇ ಪೆನ್ನಿನಲ್ಲಿ ಗೆರೆ ಹಾಕಿ ಸೇರಿಸಿದೆ. ದಿನಪತ್ರಿಕೆ ಒಂದು ಸಾಕು, ಆದರೆ ದಿನಾ ಓದಬೇಕು.

ಮಕ್ಕಳ ಪುಸ್ತಕಗಳನ್ನು ಬಿಡಬೇಡಿ. ‘ಜೆಪರ್ಡಿ’ಯಲ್ಲಿ 2019ರಲ್ಲಿ ಸತತ 32 ಆಟ ಗೆದ್ದ ಜೇಮ್ಸ್ ಹೋಲ್ಜ್‌ಹೌರ್ ತಯಾರಿಗೆ ಹೋಗಿದ್ದು ಲೈಬ್ರರಿಯ ಮಕ್ಕಳ ವಿಭಾಗಕ್ಕೆ. ಇದನ್ನು ಓದಿದ ದಿನ ನನಗೆ ಖುಷಿಯೋ ಖುಷಿ, ಯಾಕೆಂದರೆ ನಾನೂ ಅದೇ ಕಪಾಟಿನಿಂದ ಓದುತ್ತಿದ್ದೆ. ದೊಡ್ಡವರ ಪುಸ್ತಕದಲ್ಲಿ ಜ್ವಾಲಾಮುಖಿಯ ಬಗ್ಗೆ 40 ಪುಟ ಇರುತ್ತದೆ, ಮಕ್ಕಳ ಪುಸ್ತಕದಲ್ಲಿ ಒಂದೇ ಪುಟ, ಮೇಲೊಂದು ಚಿತ್ರ. ಕ್ವಿಜ್‌ನಲ್ಲಿ ಕೇಳುವುದೂ ಹೆಚ್ಚಾಗಿ ಆ ಒಂದು ಪುಟದಲ್ಲಿ ಇರುವುದನ್ನೇ.

ಓದುವಾಗ ಒಂದೊಂದೇ ಉತ್ತರ ಉರು ಹೊಡೆಯಬೇಡಿ, ಎಳೆ ಹಿಡಿದು ಎಳೆಯಿರಿ. ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅಷ್ಟು ಎಲ್ಲರಿಗೂ ಗೊತ್ತು. ಪುಸ್ತಕ ಯಾವುದು? ‘ಹಾರ್ಟ್ ಲ್ಯಾಂಪ್’. ಇಂಗ್ಲಿಷಿಗೆ ತಂದವರು? ಕೊಡಗಿನ ದೀಪಾ ಭಾಸ್ತಿ. ಕತೆಗಳು ಎಷ್ಟು? 12. ಬಹುಮಾನ? 50,000 ಪೌಂಡ್, ಲೇಖಕಿಗೂ ಅನುವಾದಕಿಗೂ ಸಮಪಾಲು. ಇದಕ್ಕೆ ಮುಂಚೆ ಕಥಾಸಂಕಲನಕ್ಕೆ ಈ ಪ್ರಶಸ್ತಿ ಬಂದಿತ್ತಾ? ಇಲ್ಲ, ಇದೇ ಮೊದಲು. ಒಂದು ಸುದ್ದಿಗೆ ಐದು ಪ್ರಶ್ನೆ ಆಯ್ತು. ಪ್ರಶ್ನೆ ತೆಗೆಯುವವರು ಎಲ್ಲರಿಗೂ ಗೊತ್ತಿರುವ ಮೊದಲನೆಯದನ್ನು ಕೇಳಿ ಸುಮ್ನಾಗಲ್ಲ, ಅದರ ಪಕ್ಕದ್ದನ್ನು ಕೇಳುತ್ತಾರೆ. ಜ್ಞಾನಪೀಠದಲ್ಲೂ ಅಷ್ಟೇ. ಕುವೆಂಪು 1967 ಅಂತ ನಮಗೆಲ್ಲ ಗೊತ್ತು. ಆ ವರ್ಷ ಅವರ ಜೊತೆ ಪ್ರಶಸ್ತಿ ಹಂಚಿಕೊಂಡ ಗುಜರಾತಿ ಕವಿ ಉಮಾಶಂಕರ ಜೋಶಿ ನೆನಪಿದ್ದಾರಾ?

ತಪ್ಪಿಗೊಂದು ಬೇರೆ ನೋಟ್‌ಬುಕ್ ಇಡಿ. ಸರಿ ಹೇಳಿದ್ದನ್ನು ಬರೆಯಬೇಡಿ, ಅದು ಸುಮ್ನೆ ಖುಷಿಗೆ. ತಪ್ಪಿದ್ದನ್ನು ಮಾತ್ರ ಬರೆಯಿರಿ. ನನ್ನ ನೋಟ್‌ಬುಕ್‌ನಲ್ಲಿ ಜಲಪಾತಗಳು ನಾಲ್ಕು ಸಲ ಇವೆ. ಉಂಚಳ್ಳಿ ಅಘನಾಶಿನಿಯದ್ದು, ಮಾಗೋಡು ಬೇಡ್ತಿಯದ್ದು. ಪ್ರತಿ ಸಲ ಅದಲು ಬದಲು ಮಾಡುತ್ತಿದ್ದೆ. ಕೊನೆಗೆ ‘ಮಾವ ಬೇಡ, ಅತ್ತೆ ಉಂಟು’ ಅಂತ ಒಂದು ತಲೆಬುಡ ಇಲ್ಲದ ಮಾತು ಕಟ್ಟಿಕೊಂಡೆ. ಮಾ-ಬೇಡ, ಅ-ಉಂ. ಇವತ್ತಿನವರೆಗೂ ತಪ್ಪಿಲ್ಲ.

ಬೆಂಗಳೂರು ಹತ್ತಿರ ಇರುವವರಿಗೆ ಇನ್ನೊಂದು ಅನುಕೂಲ ಇದೆ. 1983ರಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಯಾರು ಬೇಕಾದರೂ ಬರಬಹುದಾದ ಕ್ವಿಜ್‌ಗಳನ್ನು ನಡೆಸುತ್ತದೆ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಟಿವಿಗಿಂತ ಕಷ್ಟ. ಅಂಥಲ್ಲಿ ಎರಡು ಸಲ ಸೋತು ಬಂದರೆ ಟಿವಿ ಪ್ರಶ್ನೆ ಹಗುರ ಅನಿಸುತ್ತದೆ.

ಕರೆ ಬರುವುದು ಮತ್ತು ಆಡಿಷನ್

ಹಾಟ್ ಸೀಟ್ ಷೋಗಳಲ್ಲಿ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಟಿವಿಯಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ, ಆ್ಯಪ್‌ನಲ್ಲೋ ಮೆಸೇಜ್‌ನಲ್ಲೋ ಉತ್ತರ ಕಳಿಸಬೇಕು. ಸರಿ ಉತ್ತರ ಕೊಟ್ಟವರು ಲಕ್ಷಗಟ್ಟಲೆ ಇರುವುದರಿಂದ ಅಲ್ಲಿಂದ ಆರಿಸುವುದು ಕಂಪ್ಯೂಟರ್. ಇದು ಅದೃಷ್ಟ, ತಲೆ ಕೆಡಿಸಿಕೊಳ್ಳಬೇಡಿ. ದಿನಾ ಕಳಿಸಿ ಅಷ್ಟೇ. ಆಮೇಲೆ ಫೋನಿನಲ್ಲಿ ಪ್ರಶ್ನೆ, ಅದು ದಾಟಿದರೆ ಆಡಿಷನ್, ಅಲ್ಲಿ ಬರವಣಿಗೆಯ ಪರೀಕ್ಷೆ ಮತ್ತು ಕ್ಯಾಮೆರಾ ಮುಂದೆ ಮಾತು.

ಆ ಮಾತಿನಲ್ಲೇ ತುಂಬ ಜನ ಬೀಳುತ್ತಾರೆ. ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಹುಟ್ಟಿದ ಊರು, ಓದು, ಕಷ್ಟ, ಕಣ್ಣೀರು, ಎಲ್ಲರದ್ದೂ ಒಂದೇ ಸಾಲು. ಕಷ್ಟ ಹೇಳಬೇಡಿ ಅಂತಲ್ಲ. ನಿಮ್ಮೊಬ್ಬರಿಗೇ ಗೊತ್ತಿರುವ ಒಂದು ಸಣ್ಣ ಸಂಗತಿ ಹೇಳಿ. ನಾನು ಹೇಳಿದ್ದು ಇಷ್ಟೇ: ‘ನಮ್ಮ ಲೈಬ್ರರಿಯಲ್ಲಿ ಅತಿ ಜಾಸ್ತಿ ಹರಿದಿರುವ ಪುಸ್ತಕ ಅಡುಗೆಯದ್ದು. ಅದನ್ನು ತಗೊಂಡು ಹೋಗುವವರೆಲ್ಲ ಗಂಡಸರು.’ ಆರಿಸುವವರು ನಕ್ಕರು, ಮುಂದೆ ಅವರೇ ಪ್ರಶ್ನೆ ಕೇಳುತ್ತಾ ಹೋದರು. ಒಂದು ನಿಮಿಷದ ಮಾತು ತಯಾರು ಮಾಡಿ, ಮನೆಯವರ ಮುಂದೆ ಹೇಳಿ. ಅವರು ಮೊಬೈಲ್ ಕಡೆ ನೋಡಿದ ಜಾಗದಲ್ಲಿ ಕತ್ತರಿ ಹಾಕಿ.

ಒಂದು ಎಚ್ಚರಿಕೆ. ‘ನಿಮಗೆ 25 ಲಕ್ಷ ಲಾಟರಿ ಹೊಡೆದಿದೆ’ ಅಂತ ಕ್ವಿಜ್ ಷೋ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಬಂದರೆ ಅದು ಮೋಸ. ಆಡದೆ ಯಾರಿಗೂ ಬಹುಮಾನ ಬರಲ್ಲ. ಸೇರಿಸಿಕೊಳ್ಳಲು, ಬಹುಮಾನ ಬಿಡಿಸಲು ದುಡ್ಡು ಕಟ್ಟಿ ಅಂದರೂ ಮೋಸವೇ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆರಳಿನ ಕೆಲಸ

ಈಗ ಕ್ಯಾಲ್ಕುಲೇಟರ್ ವಿಷಯಕ್ಕೆ ಬರೋಣ. ‘ಫಾಸ್ಟೆಸ್ಟ್ ಫಿಂಗರ್’ ಸುತ್ತಿನಲ್ಲಿ ನಾಲ್ಕು ಆಯ್ಕೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಎಲ್ಲರಿಗಿಂತ ಬೇಗ ಸರಿಯಾಗಿ ಜೋಡಿಸಿದ ಒಬ್ಬರು ಮಾತ್ರ ಮುಂದೆ ಹೋಗುತ್ತಾರೆ. ನಮ್ಮೆಜಮಾನ್ರು ಕೊಬ್ಬರಿ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಹಳೇ ಕ್ಯಾಲ್ಕುಲೇಟರ್ ತಗೊಂಡು, ಒಂದೇ ಸಾಲಿನ ನಾಲ್ಕು ಬಟನ್ ಮೇಲೆ ಎ, ಬಿ, ಸಿ, ಡಿ ಅಂತ ಚೀಟಿ ಅಂಟಿಸಿದೆ. ಮಗಳು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದಳು. ಮೊದಲ ದಿನ 11 ಸೆಕೆಂಡು. ಮೂರು ವಾರದಲ್ಲಿ 5ಕ್ಕೆ ಇಳಿಯಿತು. ಓದಿನಿಂದ ಇಳಿದದ್ದಲ್ಲ, ಬೆರಳು ಪಳಗಿ ಇಳಿದದ್ದು.

ನನಗೆ ಕೆಲಸಕ್ಕೆ ಬಂದ ಉಪಾಯ ಒಂದಿದೆ. ನಾಲ್ಕನ್ನೂ ತಲೆಯಲ್ಲಿ ಜೋಡಿಸಲು ಹೋಗಬೇಡಿ. ಮೊದಲನೆಯದು ಮತ್ತು ಕೊನೆಯದು ಹಿಡಿಯಿರಿ. ಎತ್ತರದಿಂದ ತಗ್ಗಿಗೆ ಜೋಡಿಸಿ: ನಂದಿ ಬೆಟ್ಟ, ಕುದುರೆಮುಖ, ಮುಳ್ಳಯ್ಯನಗಿರಿ, ಪುಷ್ಪಗಿರಿ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರ, ಮೊದಲು. ನಂದಿ ಕೊನೆಗೆ. ಉಳಿದ ಎರಡರಲ್ಲಿ ಕುದುರೆಮುಖ ಎತ್ತರ ಅಂತ ಗೊತ್ತಿದ್ದರೆ ಒಳ್ಳೆಯದು. ಇಲ್ಲವಾದರೆ ಏನೋ ಒಂದು ಒತ್ತಿ, ಅರ್ಧಕ್ಕರ್ಧ ಅವಕಾಶ ಇದ್ದೇ ಇದೆ. ಯೋಚಿಸುತ್ತಾ ಕೂತರೆ ಪೂರ್ತಿ ಹೋಗುತ್ತದೆ.

ಇನ್ನು ನಾನು ಬಿದ್ದ ಗುಂಡಿ. ಮನೆಯಲ್ಲಿ ಪ್ರಶ್ನೆ ಬರೆದುಕೊಟ್ಟವಳು ನನ್ನ ಮಗಳು. ಅವಳು ಯಾವಾಗಲೂ ‘ಉತ್ತರದಿಂದ’, ‘ಹಳೆಯದರಿಂದ’, ‘ದೊಡ್ಡದರಿಂದ’ ಅಂತಲೇ ಬರೆದಳು. ನಾನು ಆ ಪದ ಕೇಳುವುದನ್ನೇ ಬಿಟ್ಟೆ, ಕಣ್ಣು ನೇರ ಆಯ್ಕೆಗಳ ಮೇಲೆ ಹೋಗುತ್ತಿತ್ತು. ನೀವು ಅಭ್ಯಾಸ ಮಾಡುವಾಗ ಅರ್ಧ ಪ್ರಶ್ನೆಗಳನ್ನು ತಿರುಗಿಸಿ ಬರೆಸಿ: ಚಿಕ್ಕದರಿಂದ, ಈಚಿನದರಿಂದ, ಪಶ್ಚಿಮದಿಂದ. ಪ್ರಶ್ನೆ ಕೇಳುವಾಗ ಆ ‘-ಇಂದ’ ಬರುವ ಪದವನ್ನು ತುಟಿಯಲ್ಲಿ ಒಮ್ಮೆ ಹೇಳಿಕೊಳ್ಳಿ. ‘ದಕ್ಷಿಣದಿಂದ.’ ಅದಕ್ಕೆ ಅರ್ಧ ಸೆಕೆಂಡು ಹೋಗುತ್ತದೆ, ಹೋಗಲಿ.

ಲೈಫ್‌ಲೈನ್

ಹಾಟ್ ಸೀಟಿನಲ್ಲಿ ಉತ್ತರ ಗೊತ್ತಾಗದಿದ್ದಾಗ ಸಿಗುವ ಸಹಾಯವೇ ಲೈಫ್‌ಲೈನ್. ಫೋನ್ ಮಾಡುವ ಗೆಳೆಯರನ್ನು ಪ್ರೀತಿ ನೋಡಿ ಆರಿಸಬೇಡಿ, ಪರೀಕ್ಷೆ ಮಾಡಿ ಆರಿಸಿ. ಫೋನಿಗೆ ಕೊಡುವುದು ಸಾಮಾನ್ಯವಾಗಿ 30 ಸೆಕೆಂಡು. ಪ್ರಶ್ನೆ, ನಾಲ್ಕು ಆಯ್ಕೆ ಓದಲೇ ಹತ್ತು ಹನ್ನೆರಡು ಸೆಕೆಂಡು ಬೇಕು.

ನಮ್ಮ ಸೋದರಮಾವ 34 ವರ್ಷ ಚರಿತ್ರೆ ಮೇಷ್ಟ್ರಾಗಿದ್ದವರು. ಅವರನ್ನು ಬಿಟ್ಟು ಬೇರೆ ಯಾರನ್ನು ಇಟ್ಟುಕೊಳ್ಳಲಿ ಅಂತ ಅಂದುಕೊಂಡಿದ್ದೆ. ಒಂದು ಸಂಜೆ ಪರೀಕ್ಷೆಗೆ ಫೋನ್ ಮಾಡಿ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಯಾವ ರಾಜನ ಕಾಲದಲ್ಲಿ ಶುರುವಾಯಿತು ಅಂತ ಕೇಳಿದೆ. ‘ಒಳ್ಳೇ ಪ್ರಶ್ನೆ ಕಣಮ್ಮ,’ ಅಂದರು. ‘ಮೊದಲು ಸಳನ ಕತೆಯಿಂದ ಶುರು ಮಾಡೋಣ.’ ಹುಲಿ ಬರುವಷ್ಟರಲ್ಲಿ 30 ಸೆಕೆಂಡು ಮುಗಿಯಿತು. ವಿಷ್ಣುವರ್ಧನ ಬರಲೇ ಇಲ್ಲ. ಅರಸೀಕೆರೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮಣ್ಣನ ಮಗನಿಗೆ ಒಂದು ಕ್ರಿಕೆಟ್ ಪ್ರಶ್ನೆ ಕೇಳಿದೆ. ‘ಬಿ, ಎಂಬತ್ತು ಪರ್ಸೆಂಟ್ ಗ್ಯಾರಂಟಿ ಅತ್ತೆ,’ ಅಂದ. 6 ಸೆಕೆಂಡು. ಅವನು ಪಟ್ಟಿಗೆ ಸೇರಿದ. ಮಾವನಿಗೆ ಇನ್ನೂ ಬೇಜಾರಿದೆ.

ಫೋನಿನಲ್ಲಿ ನಮಸ್ಕಾರ, ಊಟ ಆಯ್ತಾ ಎಲ್ಲ ಬೇಡ ಅಂತ ಮೊದಲೇ ಹೇಳಿಡಿ. ನೀವು ಪ್ರಶ್ನೆ ಓದಬೇಕು, ಅವರು ಅಕ್ಷರ ಹೇಳಬೇಕು, ಎಷ್ಟು ಗ್ಯಾರಂಟಿ ಅಂತ ಹೇಳಬೇಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅಂತ ತಕ್ಷಣ ಹೇಳುವವರು ಸಿಕ್ಕರೆ ಅವರೇ ಚಿನ್ನ.

ಪ್ರೇಕ್ಷಕರ ಮತವನ್ನು ಸಿನಿಮಾ, ಅಡುಗೆ, ಹಬ್ಬ, ಕ್ರಿಕೆಟ್‌ಗೆ ಬಳಸಿ, ಅದೂ ಕೆಳಗಿನ ಮೆಟ್ಟಿಲುಗಳಲ್ಲಿ, ಅಂದರೆ ಮೊದಮೊದಲ ಪ್ರಶ್ನೆಗಳಲ್ಲಿ. ಮೇಲೆ ಹೋದಂತೆ ಅವರೂ ನಿಮ್ಮಂತೆಯೇ ಊಹೆ ಮಾಡುತ್ತಿರುತ್ತಾರೆ. 50-50 ಅಂದರೆ ಎರಡು ತಪ್ಪು ಆಯ್ಕೆ ತೆಗೆದುಬಿಡುತ್ತಾರೆ. ಅದನ್ನು ತೆಗೆದುಕೊಳ್ಳುವ ಮೊದಲು ಎರಡು ಆಯ್ಕೆಗಳ ನಡುವೆ ಒದ್ದಾಡುತ್ತಿದ್ದರೆ ಹುಷಾರು. ಬಹಳ ಸಲ ಅದೇ ಎರಡು ಉಳಿದು ನಿಮ್ಮ ಮುಖ ನೋಡುತ್ತವೆ.

ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ

ಹಾಟ್ ಸೀಟ್ ಆಟದ ಬಹುಮಾನದ ಏಣಿಯ ಮೊತ್ತ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ. ಬಹಳ ಕಾಲ ಇದ್ದ ಏಣಿಯಲ್ಲಿ 10,000 ಮತ್ತು 3,20,000 ಸುರಕ್ಷಿತ ಮೆಟ್ಟಿಲು, ಅಂದರೆ ತಪ್ಪಾದರೂ ಅದಕ್ಕಿಂತ ಕೆಳಗೆ ಬೀಳಲ್ಲ. ಅದನ್ನೇ ಇಟ್ಟುಕೊಂಡು ನೋಡೋಣ.

ನಿಮ್ಮ ಕೈಯಲ್ಲಿ 1,60,000 ಇದೆ, ಮುಂದಿನ ಪ್ರಶ್ನೆ 3,20,000ಕ್ಕೆ. ಸರಿಯಾದರೆ 1,60,000 ಜಾಸ್ತಿ. ತಪ್ಪಾದರೆ 10,000ಕ್ಕೆ ಬೀಳುತ್ತೀರಿ, 1,50,000 ಹೋಯ್ತು. ಲಾಭ ನಷ್ಟ ಹೆಚ್ಚೂಕಡಿಮೆ ಸಮ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಧೈರ್ಯ ಇದ್ದರೆ ಲೆಕ್ಕ ‘ಆಡು’ ಅನ್ನುತ್ತದೆ. ನಾನಾದರೆ ನೂರಕ್ಕೆ 70 ಇಲ್ಲದೆ ಆಡಲ್ಲ, ಮನೆ ಮೇಲೆ ಸಾಲ ಇರುವವಳು. 3,20,000 ಮುಟ್ಟಿದ ತಕ್ಷಣ ಕತೆ ಬದಲು. ಮುಂದಿನ ಪ್ರಶ್ನೆ ತಪ್ಪಾದರೂ ಒಂದು ರೂಪಾಯಿ ಹೋಗಲ್ಲ. ಅಲ್ಲಿ ಆಟ ಬಿಟ್ಟು ಎದ್ದು ಬರುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಏನೂ ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ಒಂದು ಹೇಳಿ. 6,40,000ದಲ್ಲಿ ನಿಂತು 12,50,000ಕ್ಕೆ ಆಡುವಾಗ ತಪ್ಪಾದರೆ ಹೋಗುವುದು 3,20,000, ಸರಿಯಾದರೆ ಬರುವುದು 6,10,000. 50-50 ಉಳಿದಿದ್ದರೆ ಅದನ್ನು ಬಳಸಿ ಆಡುವುದೇ ಲಾಭ. ಅದರ ಮೇಲೆ ನಷ್ಟ ಮತ್ತೆ ದೊಡ್ಡದಾಗುತ್ತಾ ಹೋಗುತ್ತದೆ.

ತೆರಿಗೆ ಮರೆಯಬೇಡಿ. ಗೆದ್ದ ದುಡ್ಡಿಗೆ ನೇರ 30 ಪರ್ಸೆಂಟ್, ಆ ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್. ನಿಮ್ಮ ಸಂಬಳ ಎಷ್ಟೇ ಕಡಿಮೆ ಇದ್ದರೂ ಇದಕ್ಕೆ ವಿನಾಯಿತಿ ಇಲ್ಲ. 3,20,000 ಗೆದ್ದರೆ 96,000 ತೆರಿಗೆ, 3,840 ಸೆಸ್, ಉಳಿಯುವುದು 2,20,160. ಊರಿನವರಿಗೆ ಟಿವಿಯಲ್ಲಿ ಕಂಡ ಮೊತ್ತ ಮಾತ್ರ ನೆನಪಿರುತ್ತದೆ, ಸಾಲ ಕೇಳಲು ಬರುವವರೂ ಅದೇ ಲೆಕ್ಕದಲ್ಲಿ ಬರುತ್ತಾರೆ. ಪುಸ್ತಕ ಗೆದ್ದವರಿಗೆ ಈ ಕಾಟ ಇಲ್ಲ.

ಶೂಟಿಂಗ್ ದಿನ

ಸ್ಟುಡಿಯೋ ಒಳಗೆ ವಿಪರೀತ ಚಳಿ. ಕಾಯುವುದೇ ಅರ್ಧ ದಿನ. ಒಂದು ಶಾಲು, ಒಂದು ಬಾಳೆಹಣ್ಣು ಇಟ್ಟುಕೊಳ್ಳಿ. ಸಣ್ಣ ಗೆರೆ, ಸಣ್ಣ ಚೌಕುಳಿಯ ಬಟ್ಟೆ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ, ಬೇಡ. ಒಂದೇ ಬಣ್ಣದ ಎರಡು ಮೂರು ಜೊತೆ ತಗೊಂಡು ಹೋಗಿ. ಮೈಕ್ ಸಿಕ್ಕಿಸುತ್ತಾರೆ, ಗಾಜಿನ ಬಳೆ ಜಾಸ್ತಿ ಹಾಕಿದರೆ ಸದ್ದು ಮಾಡುತ್ತದೆ. ನನ್ನ ಬಳೆ ತೆಗೆಸಿದರು, ನಮ್ಮತ್ತೆಗೆ ಅದು ಇವತ್ತಿಗೂ ಸರಿ ಅನಿಸಿಲ್ಲ. ಮೊಬೈಲ್ ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ. ಸಹಿ ಮಾಡುವ ಕಾಗದ ಪೂರ್ತಿ ಓದಿ. ಪ್ರಸಾರ ಆಗುವವರೆಗೆ ಫಲಿತಾಂಶ ಹೇಳುವಂತಿಲ್ಲ ಅಂತ ಅದರಲ್ಲಿ ಇರುತ್ತದೆ. ಹಾಲು ಹಾಕುವವರಿಂದ ಹಿಡಿದು ಪಂಚಾಯಿತಿ ಅಧ್ಯಕ್ಷರವರೆಗೆ ಎಲ್ಲರೂ ಕೇಳುತ್ತಾರೆ. ‘ಟಿವಿಯಲ್ಲಿ ನೋಡಿ’ ಅಂತ ನಗಬೇಕು. ಸೋತು ಬಂದು ಹಾಗೆ ನಗುವುದು ಸ್ವಲ್ಪ ಕಷ್ಟ.

ಸೀಟಿನಲ್ಲಿ ಕೂತ ಮೇಲೆ ಜೋರಾಗಿ ಯೋಚಿಸಿ. ಟಿವಿಯವರಿಗೆ ಅದು ಬೇಕು, ನಿಮಗೂ ಒಳ್ಳೆಯದು. ಬಾಯಿಬಿಟ್ಟು ಹೇಳುವಾಗ ತಪ್ಪು ನಿಮಗೇ ಕೇಳಿಸುತ್ತದೆ. ನಡೆಸಿಕೊಡುವವರ ಮುಖ ನೋಡಿ ಉತ್ತರ ಹುಡುಕಬೇಡಿ, ಅವರಿಗೆ ಅಭಿನಯ ಚೆನ್ನಾಗಿ ಬರುತ್ತದೆ. ಅಮೆರಿಕದಲ್ಲಿ 1999ರಲ್ಲಿ ಈ ಹಾಟ್ ಸೀಟ್ ಷೋದ ಪೂರ್ತಿ ಬಹುಮಾನ ಮೊದಲು ಗೆದ್ದ ಜಾನ್ ಕಾರ್ಪೆಂಟರ್ ಕೊನೇ ಪ್ರಶ್ನೆಗೆ ಅಪ್ಪನಿಗೆ ಫೋನ್ ಮಾಡಿದ್ದು ಸಹಾಯ ಕೇಳಲು ಅಲ್ಲ, ‘ನಾನು ಗೆಲ್ಲುತ್ತಿದ್ದೇನೆ’ ಅಂತ ಹೇಳಲು. ಅಷ್ಟು ಧೈರ್ಯ ನಮಗೆಲ್ಲಿಂದ ಬರಬೇಕು! ನಾವು ‘ಲಾಕ್ ಮಾಡಿ’ ಅನ್ನುವ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದೋಣ, ಸಾಕು. ‘ಇವುಗಳಲ್ಲಿ ಯಾವುದು ಅಲ್ಲ’ ಅಂತ ಕೇಳಿರುತ್ತಾರೆ.

ಕ್ಯಾಲ್ಕುಲೇಟರ್ ಲೈಬ್ರರಿಯ ಮೇಜಿನ ಮೇಲೇ ಇದೆ. ಎ ಚೀಟಿ ಕಿತ್ತುಹೋಗಿತ್ತು, ಮೊನ್ನೆ ಹೊಸದು ಅಂಟಿಸಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ದಿನಾ ಸಂಜೆ ಬಂದು ಅಭ್ಯಾಸ ಮಾಡುತ್ತಾಳೆ, 4 ಸೆಕೆಂಡಿಗೆ ಇಳಿಸಿದ್ದಾಳೆ. ಅವಳಿಗೆ ಪ್ರಶ್ನೆ ಬರೆದುಕೊಡುವವಳು ನಾನು, ಒಂದನ್ನೂ ‘ಉತ್ತರದಿಂದ’ ಅಂತ ಶುರು ಮಾಡಲ್ಲ. ನಿಮಗೂ ಬೇಕಾದರೆ ಬನ್ನಿ. ಸೋಮವಾರ ರಜೆ.